ಬಿಸಿಲ ಸೀಮೆಯ ಹಿನ್ನೀರಿನಲ್ಲಿ ಮೀನಿನ ಪಾಲು

ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಂದೊಡನೆ ಹೊರಗಿನವರ ಕಣ್ಣಮುಂದೆ ಬರುವುದು ಬಂಡೆಗುಡ್ಡಗಳು, ಜೋಳದ ಹೊಲಗಳು ಮತ್ತು ನೆತ್ತಿ ಸುಡುವ ಬಿಸಿಲು. ಮಳೆ ಕಡಿಮೆ, ಬರ ಹೆಚ್ಚು. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಇಂಥ ನಾಡಿನ ದಕ್ಷಿಣದ ಅಂಚಿನಲ್ಲಿ, ಮುನಿರಾಬಾದಿನ ಅಣೆಕಟ್ಟಿನ ಹಿಂದೆ, ತುಂಬಿದಾಗ 378 ಚದರ ಕಿಲೋಮೀಟರ್ ಹರಡುವ ಒಂದು ಜಲರಾಶಿ ಇದೆ. ಅದೇ ತುಂಗಭದ್ರಾ ಜಲಾಶಯ. ಬಿಸಿಲ ನಾಡಿನ ಈ ಕಡಲಿನಲ್ಲಿ ಬೇಸಿಗೆಯೆಂದರೆ ಮೀನುಗಾರಿಕೆಯ ಕಾಲ.

ಕಾರಣ ಸರಳ. ಮಳೆಗಾಲದಲ್ಲಿ ಹಿನ್ನೀರು ಮೈಲುಗಟ್ಟಲೆ ಹರಡಿಕೊಂಡಾಗ ಮೀನೂ ಹರಡಿಕೊಳ್ಳುತ್ತದೆ. ಕಾಲುವೆಗಳಿಗೆ ನೀರು ಹರಿದು, ಬಿಸಿಲಿಗೆ ಆವಿಯಾಗಿ, ಜಲಾಶಯ ಕುಗ್ಗುತ್ತಾ ಬಂದಂತೆ ಮೀನುಗಳು ಹಳೆಯ ನದಿಯ ಪಾತ್ರದ ಆಳಕ್ಕೆ ಒತ್ತರಿಸಿಕೊಳ್ಳುತ್ತವೆ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ನಡುಹಗಲಿನಲ್ಲಿ ಅವು ಆಳವನ್ನು ಬಿಟ್ಟು ಬರುವುದಿಲ್ಲ. ಸಂಜೆ ಬಿಟ್ಟ ಬಲೆಯನ್ನು ಬೆಳಕು ಹರಿಯುವ ಮೊದಲೇ ಎತ್ತಲು ಹರಿಗೋಲುಗಳು ಹೊರಡುತ್ತವೆ. ಬಿಸಿಲೇರಿದ ಮೇಲೆ ಹಿಡಿದ ಮೀನು ಕೆಡುವುದೂ ಬೇಗ. ಹೀಗೆ ಮೇ ತಿಂಗಳು ಬಲೆಗೆ ಸುಗ್ಗಿ, ಮೀನಿಗೆ ಸಂಕಟ. ಈ ಎರಡರ ನಡುವೆ ಒಂದು ಹಳೆಯ ಪ್ರಶ್ನೆ ಉಳಿದುಕೊಂಡಿದೆ: ಈ ನೀರಿನಲ್ಲಿ ಮೀನಿಗೆ ಪಾಲು ಇದೆಯೇ?

ಅರಸನ ಗಾಳ

ಈ ಸೀಮೆಗೆ ಮೀನಿನ ಪರಿಚಯ ಅಣೆಕಟ್ಟಿನೊಂದಿಗೆ ಬಂದದ್ದಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವನ್ನು ಕ್ರಿ.ಶ. 1112ರಲ್ಲಿ ಕಟ್ಟಿಸಿದವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅದೇ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. ಆತ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳನ್ನು ಹೇಳುವಾಗ ‘ಮತ್ಸ್ಯವಿನೋದ’ಕ್ಕೂ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ.

ಅದು ಬರಿಯ ಪಾಂಡಿತ್ಯದ ಬರಹವಲ್ಲ, ಗಾಳ ಹಿಡಿದು ಕುಳಿತವನ ಅನುಭವ ಅದರಲ್ಲಿ ಕಾಣುತ್ತದೆ. ಕಡಲಿನ ಮತ್ತು ಸಿಹಿನೀರಿನ ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿ, ಹುರುಪೆ ಇರುವವು, ಇಲ್ಲದವು ಎಂದೂ, ಗಾತ್ರದಲ್ಲಿ ದೊಡ್ಡವು, ನಡುವಣವು, ಸಣ್ಣವು ಎಂದೂ ವಿಂಗಡಿಸಲಾಗಿದೆ. ಯಾವ ಮೀನಿಗೆ ಯಾವ ಉಂಡೆ ಹಾಕಬೇಕು, ಮೊದಲು ಮೇವು ಎರಚಿ ಮೀನನ್ನು ಹೇಗೆ ಒಂದೆಡೆ ಕೂಡಿಸಬೇಕು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬ ವಿವರಗಳೂ ಉಂಟು. ಮೀನಿನ ವಿಜ್ಞಾನಿ ಸುಂದರಲಾಲ್ ಹೋರಾ 1950ರ ದಶಕದ ಆರಂಭದಲ್ಲಿ ಈ ಅಧ್ಯಾಯದತ್ತ ವಿದ್ವಾಂಸರ ಗಮನ ಸೆಳೆದರು. ಗಾಳ ಹಾಕಿ ಮೀನು ಹಿಡಿಯುವುದನ್ನು ಕ್ರೀಡೆಯಾಗಿ ಕಂಡು ಬರೆದ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು.

ನಾಲ್ಕು ಶತಮಾನಗಳ ನಂತರ, 1520ರ ಸುಮಾರಿಗೆ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರಕ್ಕೆ ಬಂದ. ಈಗಿನ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ ಜನ ತುಂಗಭದ್ರೆಯನ್ನು ಬುಟ್ಟಿಯಂಥ ದುಂಡನೆಯ ದೋಣಿಗಳಲ್ಲಿ ದಾಟುವುದನ್ನು ಕಂಡು ಬರೆದಿಟ್ಟ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುವ ನಡೆ ಎಂಬ ಅವನ ವರ್ಣನೆಯಲ್ಲಿ ನಮ್ಮ ಹರಿಗೋಲನ್ನು ಗುರುತಿಸುವುದು ಕಷ್ಟವಲ್ಲ. ಚರ್ಮದ ಜಾಗಕ್ಕೆ ಈಗ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ಆಕಾರ ಅದೇ, ಹುಟ್ಟು ಹಾಕುವ ರೀತಿಯೂ ಅದೇ. ಬದಲಾದದ್ದು ನದಿ.

ಮುಳುಗಿದ ಹೊಲ, ಮೂಡಿದ ಕಡಲು

ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ವಿಚಾರವನ್ನು 1860ರಲ್ಲೇ ಮುಂದಿಟ್ಟವರು ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್. ಬಳ್ಳಾರಿ, ರಾಯಲಸೀಮೆಗಳನ್ನು ಮತ್ತೆ ಮತ್ತೆ ಕಾಡಿದ ಕ್ಷಾಮ ಅದರ ಹಿನ್ನೆಲೆ. ನದಿಯ ಒಂದು ದಡ ಮದ್ರಾಸ್ ಪ್ರಾಂತ್ಯಕ್ಕೆ, ಇನ್ನೊಂದು ದಡ ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿದ್ದರಿಂದ ಒಪ್ಪಂದವಾಗಲು 1944ರವರೆಗೆ ಕಾಯಬೇಕಾಯಿತು. 1945ರ ಫೆಬ್ರವರಿ 28ರಂದು ಎರಡೂ ದಡಗಳಲ್ಲಿ ಅಡಿಗಲ್ಲು ಬಿತ್ತು. 1953ರಲ್ಲಿ ನೀರು ನಿಂತಿತು. ಸುಮಾರು 90 ಹಳ್ಳಿಗಳು ನೀರಿನಡಿ ಸೇರಿದವು, 50 ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಮುಳುಗಿದ ನಾರಾಯಣದೇವರ ಕೆರೆಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸ ಬದುಕು ಕಟ್ಟಿಕೊಳ್ಳಬೇಕಾಯಿತು.

ಎಡದಂಡೆ ಕಾಲುವೆ ಗಂಗಾವತಿಯ ಚಹರೆಯನ್ನೇ ಬದಲಿಸಿತು. ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಒಣ ಬೆಳೆಯನ್ನು ಕಾಪಾಡುವುದು ಮೂಲ ಯೋಜನೆಯಾಗಿತ್ತು. ನಡೆದದ್ದು ಬೇರೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು, ಅಕ್ಕಿ ಗಿರಣಿಗಳು ಬಂದವು, ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾಗಳು ಮಾತ್ರ ಮೊದಲಿನಂತೆ ಮುಗಿಲು ನೋಡುತ್ತಲೇ ಉಳಿದವು.

ಮೀನಿನ ಪಾಲಿಗೆ ಅಣೆಕಟ್ಟು ಇನ್ನೊಂದು ಬಗೆಯ ಒಕ್ಕಲೆಬ್ಬಿಸುವಿಕೆ. ಕಾಗೆ ಮೀನು, ಕೆಮ್ಮೀನು, ಮಹಶೀರ್ ಮೊದಲಾದವು ಹರಿಯುವ ನೀರಿನವು. ಮುಂಗಾರಿನ ಹೊಸ ನೀರು ಬಂದಾಗ ಪ್ರವಾಹಕ್ಕೆದುರಾಗಿ ಈಜಿ ಮೊಟ್ಟೆಯಿಡುವುದು ಇಂಥ ಮೀನುಗಳ ಸ್ವಭಾವ. 49 ಮೀಟರ್ ಎತ್ತರದ ಗೋಡೆಯನ್ನು ಯಾವ ಮೀನೂ ಏರಲಾರದು. ಕೆಳಗಿನವು ಕೆಳಗೇ ಉಳಿದವು. ಮೇಲಿನವುಗಳಿಗೆ ಓಡುವ ನದಿಯ ಬದಲು ನಿಂತ ನೀರು ಸಿಕ್ಕಿತು. ಕಾಂಡ ಮೀರಿ ಬೇಟೆಯಾಡುವ ಬಾಳೆ ಮೀನಿನಂಥವು ಅದಕ್ಕೆ ಹೊಂದಿಕೊಂಡವು, ಎಲ್ಲವೂ ಹೊಂದಿಕೊಳ್ಳಲಿಲ್ಲ.

ಈ ಕೊರತೆ ತುಂಬಲು ಉತ್ತರದ ಗಂಗಾ ಬಯಲಿನ ಹೆಸರಾಂತ ಮೀನುಗಳಾದ ಕಾಟ್ಲಾ, ರೋಹು, ಮೃಗಾಲ್‌ಗಳ ಮರಿಗಳನ್ನು ಬಿಡಲಾಯಿತು. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದೇ ನೀರಿನಲ್ಲಿ ಮೂರಕ್ಕೂ ಮೇವು ಸಿಗುತ್ತದೆ. ಆದರೆ ಇವೂ ನಿಂತ ನೀರಿನಲ್ಲಿ ಸುಲಭವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದ ಮೇಲೆಯೇ ದೇಶದ ಜಲಾಶಯಗಳಿಗೆ ಬೇಕಾದಷ್ಟು ಮರಿ ಸಿಗುವ ದಾರಿ ತೆರೆಯಿತು. ಅಂದರೆ ಜಲಾಶಯದ ಮೀನು ಒಂದು ರೀತಿಯಲ್ಲಿ ಬಿತ್ತಿದ ಬೆಳೆ. ಬಿತ್ತದೆ ಬೆಳೆಯಿಲ್ಲ.

ಬೆಳೆಯನ್ನು ಹಸಿರಿನಲ್ಲೇ ಕೊಯ್ಯುವ ಚಟವೂ ಇದೆ. ಇಲ್ಲಿ ‘ಅಲಿವಿ’ ಎನ್ನುವ ಎಳೆಬಲೆ ಉಂಟು. ದಡದಿಂದ ಎಳೆಯುವ ಈ ದೊಡ್ಡ ಬಲೆಯ ಕಣ್ಣು ಬಹು ಸಣ್ಣದು. ಒಣಗಿಸಿ ಮಾರುವ ಪುಟ್ಟ ಮೀನುಗಳಿಗಾಗಿ ಬಳಸುವ ಅದರಲ್ಲಿ ದೊಡ್ಡ ಜಾತಿಗಳ ಮರಿಗಳೂ ಬಂದು ಬೀಳುತ್ತವೆ. ನೀರು ಕುಗ್ಗಿದ ಬೇಸಿಗೆಯಲ್ಲಿ ಅವುಗಳಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಬಿಸಿಲ ನಾಡಿನಲ್ಲಿ ಅಣೆಕಟ್ಟು ಕಟ್ಟಿ, ಅದಕ್ಕೆ ಪರವೂರಿನ ಮೀನು ತಂದುಬಿಟ್ಟವರು ನಾವೊಬ್ಬರೇ ಅಲ್ಲ. ಅಮೆರಿಕದ ಮರುಭೂಮಿಯಲ್ಲಿ ಕೊಲೊರಾಡೊ ನದಿಗೆ ಕಟ್ಟಿದ ಹೂವರ್ ಅಣೆಕಟ್ಟಿನ ಹಿಂದಿರುವ ಮೀಡ್ ಸರೋವರಕ್ಕೆ 1969ರಲ್ಲಿ ಪಟ್ಟೆಯ ಬಾಸ್ ಮೀನನ್ನು ಬಿಡಲಾಯಿತು. ಅಟ್ಲಾಂಟಿಕ್ ಕರಾವಳಿಯ ಈ ಮೀನು ಕಡಲಿನಿಂದ ನದಿಗೆ ಹತ್ತಿ ಬಂದು ಮೊಟ್ಟೆಯಿಡುವಂಥದು. ಮರುಭೂಮಿಯ ನೀರಿಗೂ ಅದು ಒಗ್ಗಿಕೊಂಡಿತು. ಬೇಸಿಗೆಯ ಹಗಲಿನಲ್ಲಿ ತಂಪಾದ ಆಳಕ್ಕಿಳಿದು, ನಸುಕಿನಲ್ಲಿ ಮರಿಮೀನುಗಳ ಹಿಂಡನ್ನು ಮೇಲ್ಮೈಗೆ ಅಟ್ಟಿಕೊಂಡು ಬರುವ ಅದನ್ನು ಹಿಡಿಯಲು ಗಾಳದ ಹವ್ಯಾಸಿಗಳು ಕತ್ತಲಿನಲ್ಲೇ ದೋಣಿ ಇಳಿಸುತ್ತಾರೆ. ಅಲ್ಲಿ ಅದು ವಿನೋದ, ಸೋಮೇಶ್ವರನ ಅರ್ಥದಲ್ಲಿ. ತುಂಗಭದ್ರೆಯ ಹರಿಗೋಲಿನವನಿಗೆ ಅದು ಅಂದಿನ ಅನ್ನ. ಆದರೆ ಎರಡೂ ಕಡೆ ನೀರು ಇಳಿಯುವ ಭಯ ಒಂದೇ. 2022ರ ಜುಲೈನಲ್ಲಿ ಮೀಡ್ ಸರೋವರ, ಮೊದಲು ತುಂಬಿದ ಕಾಲದಿಂದ ಎಂದೂ ಕಾಣದ ಮಟ್ಟಕ್ಕೆ ಕುಸಿದಿತ್ತು.

ಲೆಕ್ಕದ ಪುಸ್ತಕ

ತುಂಗಭದ್ರೆಯ ನೀರಿಗೆ ಲೆಕ್ಕ ಬಹಳ ಕಟ್ಟುನಿಟ್ಟು. ನ್ಯಾಯಮೂರ್ತಿ ಬಚಾವತ್ ಅಧ್ಯಕ್ಷತೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 1970ರ ದಶಕದಲ್ಲಿ ಈ ಯೋಜನೆಗೆ ಒಟ್ಟು 230 ಟಿಎಂಸಿ ಅಡಿ ನೀರನ್ನು ಗುರುತಿಸಿತು. ಇದರಲ್ಲಿ ಎರಡು ರಾಜ್ಯಗಳ ಬಳಕೆಗೆ 212, ಜಲಾಶಯದಿಂದ ಆವಿಯಾಗಿ ಹೋಗುವುದಕ್ಕೆ 18. ಆ 18 ಟಿಎಂಸಿಯನ್ನು ತುಂಬಿದ ಜಲಾಶಯದ ಹರವಿಗೆ ಹಂಚಿ ನೋಡಿದರೆ ನಾಲ್ಕು ಅಡಿಗೂ ಮಿಕ್ಕಿದ ನೀರಿನ ಪದರವಾಗುತ್ತದೆ. ಅಂದರೆ ಭತ್ತಕ್ಕೆ ಪಾಲುಂಟು, ಊರುಗಳಿಗೆ ಪಾಲುಂಟು, ಕೊನೆಗೆ ಬಿಸಿಲಿಗೂ ಪಾಲುಂಟು. ಮೀನಿಗೆ ಪಾಲೆಂಬುದಿಲ್ಲ. ಎಲ್ಲರೂ ತೆಗೆದುಕೊಂಡ ಮೇಲೆ ಏನು ಉಳಿಯುತ್ತದೋ ಅದೇ ಅದರ ಮನೆ.

ಆ ಉಳಿಕೆಯೂ ಕಿರಿದಾಗುತ್ತಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ 2016ರ ಸಮೀಕ್ಷೆಯಂತೆ 105.79 ಟಿಎಂಸಿಗೆ ಇಳಿದಿದೆ. ಐದರಲ್ಲೊಂದು ಭಾಗವನ್ನು ಹೂಳು ನುಂಗಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಒಂದು ವಾರ ಇಡೀ ನಾಡು ಉಸಿರು ಬಿಗಿಹಿಡಿದು ನೋಡಿತು. ತಾತ್ಕಾಲಿಕ ಹಲಗೆಗಳನ್ನಿಳಿಸಿ ನೀರು ನಿಲ್ಲಿಸಲಾಯಿತು. ಮುಂದೆ ಎಲ್ಲ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಆ ದಿನಗಳ ಚರ್ಚೆಯೆಲ್ಲ ಬೆಳೆಯ ಸುತ್ತ ನಡೆಯಿತು. ಅದು ಸಹಜವೇ. ಲಕ್ಷಾಂತರ ರೈತರ ಅನ್ನ ಆ ನೀರಿನಲ್ಲಿದೆ.

ಆದರೂ ನದಿಗೆ ರೈತನಲ್ಲದೆ ಬೇರೆ ವಾರಸುದಾರರೂ ಇದ್ದಾರೆಂದು ಒಮ್ಮೆ ಒಪ್ಪಿಕೊಂಡದ್ದುಂಟು. ಅಣೆಕಟ್ಟಿನ ಕೆಳಗೆ ಕೊಪ್ಪಳದ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗೆ ಮೀನೇ ಆಹಾರ. ಆದ್ದರಿಂದ ಅದನ್ನು ಉಳಿಸುವುದೆಂದರೆ ಮೀನನ್ನು ಉಳಿಸುವುದೆಂದೇ ಅರ್ಥ. ಮೇಲಿನ ಜಲಾಶಯಕ್ಕೂ ಇಂಥದೊಂದು ವಿವೇಕ ಬೇಕು. ಅದಕ್ಕೆ ಹೊಸ ಅಣೆಕಟ್ಟೇನೂ ಬೇಡ. ಬೇಸಿಗೆಯ ಕೊನೆಗೆ ಹಳೆಯ ನದಿಪಾತ್ರದಲ್ಲಿ ಇಷ್ಟು ನೀರು ಇರಲೇಬೇಕೆಂಬ ಒಂದು ಗೆರೆ, ಸಣ್ಣ ಕಣ್ಣಿನ ಬಲೆಗೆ ನಿಜವಾದ ತಡೆ, ಕಾಲಕ್ಕೆ ಸರಿಯಾಗಿ ಮರಿ ಬಿತ್ತನೆ, ಇಷ್ಟಾದರೆ ಬಲೆಯನ್ನೇ ನಂಬಿದ ಕುಟುಂಬಗಳಿಗೂ ಮುಂದಿನ ವರ್ಷದ ಭರವಸೆ ಸಿಕ್ಕೀತು.

ಜೂನ್ ಕಳೆದು ಮಲೆನಾಡಿನಲ್ಲಿ ಮಳೆ ಹಿಡಿದರೆ ತುಂಗೆ, ಭದ್ರೆಯರ ಕೆಂಪು ನೀರು ಹಿನ್ನೀರಿಗೆ ಬಂದು ಸೇರುತ್ತದೆ. ಆಗ ಉಳಿದ ಮೀನುಗಳು ಹಳೆಯ ಅಭ್ಯಾಸದಂತೆ ಹೊಸ ನೀರಿಗೆ ಎದುರಾಗಿ ಹೊರಡುತ್ತವೆ. ಹಾಗೆ ಹೊರಡಲು ಎಷ್ಟು ಉಳಿದಿರುತ್ತವೆ ಎಂಬುದು ಮಾತ್ರ ಮೇ ತಿಂಗಳಿನಲ್ಲೇ ತೀರ್ಮಾನವಾಗಿರುತ್ತದೆ.