ಋತುಚರ್ಯೆಯ ಊಟ (ಸಾಸ್ತೂರ ಸೀಮೆ)
ಋತು ಹಾಗೂ ಜಠರಾಗ್ನಿಗೆ ಹೊಂದುವಂತೆ ಉಣ್ಣುವ ಆಯುರ್ವೇದದ ಕ್ರಮ. ಚರಕಸಂಹಿತೆಯ ಸೂತ್ರಸ್ಥಾನದ 6ನೇ ಅಧ್ಯಾಯದ ಪ್ರಕಾರ ಹೇಮಂತದಲ್ಲಿ ಅಗ್ನಿ ಪ್ರಬಲವಾಗಿರುತ್ತದೆ. ಜಿಡ್ಡು, ಹುಳಿ, ಉಪ್ಪಿನ ಆಹಾರ ಹಿತ. ಬೇಸಿಗೆಗೆ ಸಿಹಿ, ತಂಪು, ದ್ರವ ಆಹಾರ ಯೋಗ್ಯ.

ಮಹಾರಾಷ್ಟ್ರದ ಸಾಸ್ತೂರ ಸುತ್ತಲಿನ ಉಮರ್ಗಾ, ನಿಲಂಗಾ, ಉದಗೀರ ಭಾಗದ ಎಳ್ಳ ಅಮಾವಾಸ್ಯೆಯ ಊಟ ಹೇಮಂತದ ಈ ಕ್ರಮಕ್ಕೆ ಹತ್ತಿರದ್ದು. ಮರಾಠಿಯಲ್ಲಿ ವೇಳ ಅಮಾವಾಸ್ಯಾ ಎನಿಸುವ ಈ ಹಬ್ಬದಂದು ಮನೆಮಂದಿ ಹೊಲದಲ್ಲೇ ಕೂತು ಸಜ್ಜೆ ರೊಟ್ಟಿ, ಹಸಿಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಜೋಳದ ಹಿಟ್ಟು-ಮಜ್ಜಿಗೆಯ ಹುಳಿ ಅಂಬಲಿ ಉಣ್ಣುತ್ತಾರೆ. ಸಜ್ಜೆ ರೂಕ್ಷ ಧಾನ್ಯ. ರೊಟ್ಟಿಗೆ ಹಚ್ಚುವ ಎಳ್ಳು, ಸವರುವ ಬೆಣ್ಣೆ ಆ ಒಣಗುಣವನ್ನು ತಗ್ಗಿಸುತ್ತವೆ.

ಪ್ರಮಾಣಕ್ಕೂ ನಿಯಮವಿದೆ: ಹೊಟ್ಟೆಯ ನಾಲ್ಕು ಪಾಲಿನಲ್ಲಿ ಎರಡು ಅನ್ನಕ್ಕೆ, ಒಂದು ನೀರಿಗೆ, ಉಳಿದೊಂದು ಗಾಳಿಗೆ ಎನ್ನುತ್ತಾನೆ ಅಷ್ಟಾಂಗಹೃದಯದ ವಾಗ್ಭಟ.