ಸುಣ್ಣಕಲ್ಲಿನ ಸೀಮೆಯ ಹೆಣ್ಣುಮಕ್ಕಳ ಹೊಲಿಗೆ

ಕಾಗಿಣಾ ನದಿಯ ಆಚೀಚೆ ಹರಡಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ಆಧುನಿಕ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಕಲ್ಲನ್ನೇ ಹಿಡಿದು ಹೊರಟಿದ್ದಾರೆ. ಪದರು ಪದರಾಗಿ ಎದ್ದು ಬರುವ, ಜನ ‘ಪರಸಿ’ ಎಂದು ಕರೆಯುವ ಶಹಾಬಾದ್ ಹಾಸುಗಲ್ಲು, 1968ರಲ್ಲಿ ವಾಡಿಯಲ್ಲಿ ಆರಂಭವಾದ ಎಸಿಸಿ ಕಾರ್ಖಾನೆ, 1972ರಲ್ಲಿ ಕುರಕುಂಟಾದಲ್ಲಿ ಉತ್ಪಾದನೆಗಿಳಿದು 1990ರ ದಶಕದ ಕೊನೆಯಲ್ಲಿ ನಿಂತುಹೋದ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ಘಟಕ ಇವೆಲ್ಲವೂ ಆ ಬರಹಗಳಲ್ಲಿ ದೊರೆಯುತ್ತವೆ. ಖಣಿಯಲ್ಲಿ ಕಲ್ಲು ಹೊತ್ತ ಹೆಣ್ಣುಮಕ್ಕಳು ಮಾತ್ರ ಕೂಲಿಯ ಲೆಕ್ಕವನ್ನು ದಾಟಿ ಬರುವುದೇ ಅಪರೂಪ.

ಈ ಹೆಣ್ಣುಮಕ್ಕಳಲ್ಲಿ ಅನೇಕರು ಲಂಬಾಣಿ ತಾಂಡಾಗಳವರು. ಎತ್ತುಗಳ ಮೇಲೆ ಉಪ್ಪು, ದವಸಗಳ ಹೇರು ಹೊರಿಸಿಕೊಂಡು ದಖ್ಖನ್ನಿನ ಉದ್ದಗಲ ಸಂಚರಿಸುತ್ತಿದ್ದ ಈ ಸಮುದಾಯದ ವ್ಯಾಪಾರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಕಸಿದುಕೊಂಡಿತು. 1874ರಲ್ಲಿ ವಾಡಿಯಿಂದ ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ತೆರೆದ ನಿಜಾಮರ ರೈಲುದಾರಿ ಹೇರೆತ್ತುಗಳ ದಾರಿಯನ್ನು ಮುಚ್ಚಿದ ಬದಲಾವಣೆಯದೇ ಒಂದು ಭಾಗ. ಮುಂದೆ ಇಲ್ಲಿಯ ಸಿಮೆಂಟ್ ಹೊರನಾಡಿಗೆ ಹೋದದ್ದೂ ಅದೇ ಹಳಿಗಳ ಮೇಲೆ. ಅಲೆಮಾರಿ ಬದುಕು ತಾಂಡಾದಲ್ಲಿ ನೆಲೆನಿಂತ ಮೇಲೂ ಹೆಣ್ಣುಮಕ್ಕಳ ಕಸೂತಿ ಉಳಿದುಕೊಂಡಿತು: ಕನ್ನಡಿಚೂರು, ಕವಡೆ, ನಾಣ್ಯಗಳನ್ನು ಕೂಡಿಸಿ ಹೊಲಿದ, ಬೆನ್ನಿನ ಭಾಗ ತೆರೆದಿರುವ ‘ಕಾಂಚಳಿ’ ಎಂಬ ರವಿಕೆ ಮತ್ತು ‘ಫೇಟಿಯಾ’ ಎಂಬ ಲಂಗ ಅದರ ಮುಖ್ಯ ರೂಪಗಳು.

ಊರಿನ ಒಕ್ಕಲು ಮನೆಗಳಲ್ಲಿ ಕಸೂತಿಯ ಜಾಗದಲ್ಲಿದ್ದದ್ದು ಕೌದಿ. ತೊಟ್ಟು ಹಳತಾದ ಇಳಕಲ್ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರಾಗಿ ಹಾಸಿ, ಅಂಚಿನಿಂದ ಒಳಮುಖವಾಗಿ ಸಾಲುಸಾಲಾಗಿ ಸೂಜಿ ಓಡಿಸಿ ಮಾಡುವ ಈ ಹೊದಿಕೆಯಲ್ಲಿ ತವರಿನ ಸೀರೆಯ ಸೆರಗು, ತೀರಿಹೋದ ಅತ್ತೆಯ ಕುಪ್ಪಸ, ಕೂಸಿನ ಅಂಗಿ ಒಂದರ ಪಕ್ಕ ಒಂದು ಕೂಡುತ್ತವೆ. ನಾಲ್ಕಾರು ಮಂದಿ ಸುತ್ತ ಕುಳಿತು ಹೊಲಿಯುವಾಗ ಆಡುವ ಮಾತೂ ಹಾಡುವ ಹಾಡೂ ಈ ಕೆಲಸದ ಭಾಗವೇ ಆದ್ದರಿಂದ, ಕಮ್ಮಟವೆಂಬ ಹೆಸರು ಬರುವ ಮೊದಲೇ ಇಲ್ಲಿ ಕಮ್ಮಟವಿತ್ತು ಎಂದು ಹೇಳಬಹುದು.

ಇಂಥ ಕೂಟಕ್ಕೆ ಸಂಸ್ಥೆಯ ರೂಪ ದೊರೆತದ್ದು ಇನ್ನೊಂದು ಗಣಿನಾಡಿನಲ್ಲಿ. ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಸಂಡೂರಿನಲ್ಲಿ 1980ರ ದಶಕದಲ್ಲಿ ಆರಂಭವಾದ ಕುಶಲ ಕಲಾ ಕೇಂದ್ರವು ತಾಂಡಾದ ಮಹಿಳೆಯರನ್ನು ಕಸೂತಿಗೆ ಕೂಡಿಸಿ ಅವರ ಕೈಕೆಲಸವನ್ನು ದುಡಿಮೆಯ ದಾರಿಯಾಗಿಸಿತು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ, ಅಂದರೆ ಒಂದು ಪ್ರದೇಶಕ್ಕೆ ಮೀಸಲಾದ ಕಸುಬಿನ ಹೆಸರನ್ನು ಕಾಯುವ ಕಾನೂನಿನ ಮಾನ್ಯತೆ, ದೊರೆಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಆ ಮಾನ್ಯತೆ ಕಾಯುವುದು ಹೊಲಿಗೆಯನ್ನೇ ಹೊರತು ಹೊಲಿದವಳ ಕಥೆಯನ್ನಲ್ಲ. ಆದ್ದರಿಂದ ಸೇಡಂ, ಚಿಂಚೋಳಿಯ ತಾಂಡಾಗಳಲ್ಲಿ ನಡೆಯುವ ಕಮ್ಮಟಗಳು ಹೊಸ ವಿನ್ಯಾಸ ಕಲಿಸುವ ಮುನ್ನ ಹಳೆಯ ಕಾಂಚಳಿ, ಕೌದಿಗಳನ್ನು ಹಾಸಿ, ಯಾವ ತುಂಡು ಯಾರದು, ಅವರು ಯಾವ ಖಣಿಯಲ್ಲಿ ದುಡಿದರು, ಕುರಕುಂಟಾದ ಕಾರ್ಖಾನೆ ನಿಂತಾಗ ಮನೆ ಹೇಗೆ ನಡೆಯಿತು ಎಂಬುದನ್ನು ಹೊಲಿದವರ ಬಾಯಿಂದಲೇ ಅವರ ಹೆಸರಿನೊಂದಿಗೆ ಬರೆದಿಡಬೇಕು. ಅದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಆ ಕೆಲಸ ಆಗಬೇಕು.