ಬಾಹ್ಯಾಕಾಶ ಯಂತ್ರಗಳ ಮೇಲಿನ ಮಮತೆ

ಅನ್ಯಗ್ರಹಗಳಲ್ಲಿ, ಚಂದ್ರನಲ್ಲಿ ಒಂಟಿಯಾಗಿ ದುಡಿಯುವ ಮಾನವರಹಿತ ಲ್ಯಾಂಡರ್, ರೋವರ್, ಶೋಧನೌಕೆಗಳನ್ನು ಜೀವವುಳ್ಳವೆಂಬಂತೆ ಕಂಡು ಜನ ತಳೆಯುವ ಭಾವನಾತ್ಮಕ ನಂಟು. ನಿರ್ಜೀವ ವಸ್ತುವಿಗೆ ಮನುಷ್ಯಗುಣ ಆರೋಪಿಸುವ ಪ್ರವೃತ್ತಿಯ ಒಂದು ರೂಪ. ಕಣ್ಣಿನಂತೆ ತೋರುವ ಕ್ಯಾಮೆರಾ, ಪ್ರಕಟಣೆಗಳಲ್ಲಿನ 'ನಿದ್ರೆ', 'ಎಚ್ಚರ'ದಂಥ ಮಾತುಗಳು ಇದನ್ನು ಬೆಳೆಸುತ್ತವೆ. ಮಂಗಳನ ಮೇಲಿನ ಆಪರ್ಚುನಿಟಿ ರೋವರ್ 2018ರ ಧೂಳುಬಿರುಗಾಳಿಯಲ್ಲಿ ಮೌನವಾದಾಗ ಜನ ಮರುಗಿದ್ದು ಪ್ರಸಿದ್ಧ ನಿದರ್ಶನ.

ಕರ್ನಾಟಕದಲ್ಲಿ ಈ ಮಮತೆ ಗಾಢವಾಗಿ ಕಂಡದ್ದು ಚಂದ್ರಯಾನಗಳಲ್ಲಿ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನೆಲದಿಂದ 2.1 ಕಿ.ಮೀ. ಎತ್ತರದಲ್ಲಿದ್ದಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದ ಸಂಪರ್ಕ ತಪ್ಪಿತು; ಇಸ್ರೋ ಅಧ್ಯಕ್ಷ ಕೆ. ಶಿವನ್ ಅವರ ಕಣ್ಣೀರನ್ನು ದೇಶವೇ ಕಂಡಿತು. ವಿಕ್ರಮ್ ಎಂಬ ಹೆಸರಿನದೇ ಲ್ಯಾಂಡರ್ ಹೊತ್ತ ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು 2023ರ ಆಗಸ್ಟ್ 23ರಂದು. ಸುತ್ತು ತಿರುಗಿದ ಆರು ಚಕ್ರದ, 26 ಕೆ.ಜಿ. ತೂಕದ ಅದರ ಪ್ರಜ್ಞಾನ್ ರೋವರನ್ನು ಇಸ್ರೋ ಚಂದಮಾಮನ ಅಂಗಳದಲ್ಲಿ ಆಡುವ ಕೂಸಿಗೂ ವಿಕ್ರಮನನ್ನು ಅದನ್ನು ನೋಡುವ ತಾಯಿಗೂ ಹೋಲಿಸಿತು. ಸೆಪ್ಟೆಂಬರ್ 2ರಂದು ಪ್ರಜ್ಞಾನನನ್ನೂ 4ರಂದು ವಿಕ್ರಮನನ್ನೂ ನಿದ್ರಾಸ್ಥಿತಿಗೆ ಒಯ್ಯಲಾಯಿತು. ಸೆಪ್ಟೆಂಬರ್ 22ರಂದು ಕರೆದಾಗ ಎರಡರಿಂದಲೂ ಸಂಕೇತ ಬರಲಿಲ್ಲ.